ಕೊನೆಗೂ ಬಿರಡೆ ಕೂತಿತು

ಐದನೇ ತ್ರೀಡಿ ಪ್ರಿಂಟ್ ಗೆದ್ದಿತು! ಹಿಂದಿನ ನಾಲ್ಕೂ ಕಸದ ಡಬ್ಬಕ್ಕೆ ಹೋಗಿದ್ದವು.

ಮಾಡುತ್ತಿರುವುದು ಟಿಬಿಪಿಎ. ಎಮ್ಮೆ, ದನಗಳಿಗೆ ಗಳಲೆ ರೋಗ ತರುವ ಪಾಶ್ಚುರೆಲ್ಲಾ ಮಲ್ಟೊಸಿಡಾ ಬ್ಯಾಕ್ಟೀರಿಯಾದ ಹೊರಪೊರೆಯ ಪ್ರೋಟೀನ್. ಅಳತೆ 1 ನ್ಯಾನೋಮೀಟರಿಗೆ 15 ಮಿಲಿಮೀಟರ್, ಅಂದರೆ ಒಂದೂವರೆ ಕೋಟಿ ಪಟ್ಟು ದೊಡ್ಡದು. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್‌ನಿಂದ ರಚನೆ, ಪ್ರಿಂಟರಿಗಾಗಿ ಅದನ್ನು ಪದರ ಪದರ ಮಾಡುವ ಸ್ಲೈಸಿಂಗ್, ಅದೆಲ್ಲ ಮಾಮೂಲಿ, ಬಿಡಿ.

ಕಾಡಿದ್ದು ಒಳಭಾಗ. ಪ್ರೋಟೀನಿನ 22 ಎಳೆಗಳು ಸುತ್ತಿಕೊಂಡು ಒಂದು ಪೀಪಾಯಿ. ಅದೇ ಪ್ರೋಟೀನಿನ ತುಂಡೊಂದು ಬಿರಡೆಯ ಹಾಗೆ ಅದರೊಳಗೆ ಕೂತಿರುತ್ತದೆ. ಒಟ್ಟಿಗೆ ಪ್ರಿಂಟ್ ಮಾಡಿದರೆ ಆಸರೆಗೆ ಹಾಕಿದ ಪ್ಲಾಸ್ಟಿಕ್ (ಸಪೋರ್ಟ್) ಒಳಗೇ ಸಿಕ್ಕಿಕೊಳ್ಳುತ್ತದೆ, ಕೀಳಲು ಹೋದರೆ ಎಳೆ ಚಟ್ಟನೆ ಮುರಿಯುತ್ತದೆ. ಬಿರಡೆ ಬೇರೆ ಮಾಡಿದರೆ ಎಳೆಗಳನ್ನು ಜೋಡಿಸುವ ಮೇಲಿನ ಕುಣಿಕೆಗಳು ಅಡ್ಡ ಬಂದು ಇಳಿಯುವುದೇ ಇಲ್ಲ.

ಸುಮ್ನೆ ಖಾಲಿ ಕೊಳವೆ ಮಾಡಬಹುದಿತ್ತು. ಆದರೆ ಕಥೆಯೆಲ್ಲ ಆ ಬಿರಡೆಯಲ್ಲೇ ಇದೆ, ಅಲ್ವಾ? ದನದ ರಕ್ತದಲ್ಲಿ ಕಬ್ಬಿಣ ಬಿಡಿಯಾಗಿ ಸಿಗುವುದಿಲ್ಲ. ಅದನ್ನು ಹೊರುವ ಒಂದೊಂದು ಟ್ರಾನ್ಸ್‌ಫೆರಿನ್ ಪ್ರೋಟೀನ್ ಎರಡರವರೆಗೆ ಪರಮಾಣು ಬಿಗಿಹಿಡಿದಿರುತ್ತದೆ. ಟಿಬಿಪಿಎ ಆ ಟ್ರಾನ್ಸ್‌ಫೆರಿನನ್ನೇ ಹಿಡಿದು ಕಬ್ಬಿಣ ಕಿತ್ತುಕೊಳ್ಳುತ್ತದೆ. ಒಳಪೊರೆ ಕಡೆಯಿಂದ ಇನ್ನೊಂದು ಪ್ರೋಟೀನಾದ ಟಾನ್‌ಬಿ ಬಿರಡೆಯನ್ನು ಜಗ್ಗಿದಾಗ ದಾರಿ ಬಿಡುತ್ತದೆ. ಬಿಳಿ ರಕ್ತಕಣಗಳಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಗೆ ಕವಚ ಉಂಟು, ನಿಜ. ಆದರೆ ಹೊಟ್ಟೆಗೇ ಇಲ್ಲದಿದ್ದರೆ ಅದು ಬೆಳೆಯುವುದೆಲ್ಲಿ?

ಸೋದರಮಾವನ ಎಮ್ಮೆ ಸಂಜೆ ಮೇವು ಬಿಟ್ಟಿತ್ತು, ಜೊಲ್ಲು ಸುರಿಸುತ್ತಿತ್ತು. ಗಂಟಲು ಊದಿ ಬೆಳಗಾಗುವಷ್ಟರಲ್ಲಿ ಸತ್ತಿತು. "ಒಂದೇ ರಾತ್ರೀಲಿ ಹೇಗೋ?" ಎಂದು ಮಾವ ಕೇಳಿದ್ದರು. ಅವರ ಕೈಯಲ್ಲೇ ಈ ಬಿರಡೆ ಎಳೆಸಬೇಕು.

ಮೂರನೇ ಪ್ರಿಂಟ್ ಕೆಟ್ಟಿದ್ದು ಫಿಲಮೆಂಟಿನಿಂದ, ಅಂದರೆ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರದಿಂದ. ಸೀಲ್ ಒಡೆದಾಗಲೇ ತೇವ. ಕೇಳಿದರೆ ಅಂಗಡಿಯವರು "ಮಳೆಗಾಲ ಸಾರ್" ಎಂದರು. ಪೀಪಾಯಿ ತುಂಬ ಪ್ಲಾಸ್ಟಿಕ್ ನೂಲು! 45 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿದೆ, ನಿಂತಿತು.

ನಾಲ್ಕನೆಯದನ್ನು ಉದ್ದಕ್ಕೆ ಎರಡು ಹೋಳು ಮಾಡಿದ್ದೆ. ಕೊಯ್ತ ನೇರವಾಗಿತ್ತು, ಎಳೆಗಳು ಓರೆ. ಹಾಗಾಗಿ ಪ್ರತಿ ಎಳೆಯೂ ತುಂಡು ತುಂಡು. ಈ ಸಲ ಎರಡು ಎಳೆಗಳ ನಡುವಿನ ಸಂದಿ ಹಿಡಿದು ಓರೆಯಾಗಿಯೇ ಸೀಳಿದೆ. ಅಂಚಿಗೆ ಆರು ಪುಟ್ಟ ಆಯಸ್ಕಾಂತ, ಬಿರಡೆಯ ಸುತ್ತ 0.4 ಮಿಲಿಮೀಟರ್ ಜಾಗ. ಹೋಳುಗಳು ಟಕ್ ಎಂದು ಕೂಡಿಕೊಂಡವು. ಕೆಳಗಿನಿಂದ ಬೆರಳಲ್ಲಿ ಜಗ್ಗಿದರೆ ಕಿತ್ತಳೆ ಬಣ್ಣದ ಬಿರಡೆ ಅಲುಗುತ್ತದೆ. ಹತ್ತು ಸಲವಾದರೂ ಎಳೆದು ನೋಡಿದೆ.

ಮುಂದಿನದು ಅದೇ ಬ್ಯಾಕ್ಟೀರಿಯಾದ ಇನ್ನೊಂದು ಹೊರಪೊರೆ ಪ್ರೋಟೀನ್, ಓಎಂಪಿಎಚ್. 16 ಎಳೆಗಳ ಪೀಪಾಯಿ, ಮೂರು ಒಟ್ಟಿಗೆ. ತಳಿಯಿಂದ ತಳಿಗೆ ಜಾಸ್ತಿ ಬದಲಾಗುವುದು ಹೊರಗಿನ ಕುಣಿಕೆಗಳು. ರೋಗನಿರೋಧಕ ಶಕ್ತಿಯ ಕಣ್ಣಿಗೆ ಬೀಳುವುದೂ ಅವೇ. ಅವನ್ನು ರಬ್ಬರಿನಂಥ ಮೆತ್ತನೆ ಪ್ಲಾಸ್ಟಿಕ್ ಟಿಪಿಯುನಲ್ಲಿ ಮಾಡಿ, ಕಳಚಿ ಬೇರೆ ಹಾಕುವ ಹಾಗೆ ಕೂರಿಸಬೇಕೆಂದಿದ್ದೇನೆ. ಟಿಪಿಯು ಮಾತ್ರ ಬೇರೆ ಅಂಗಡಿಯಿಂದ.