ಪೇಪರ್ ಜೇಬಿಗಿಟ್ಟು ಓದು

"ಕಾಣ್ತಾ ಇದೆಯಲ್ಲ ಬೇಟಾ?"

"ಹ್ಞೂಂ ಅಂಕಲ್, ಕಾಣ್ತಾ ಇದೆ."

ಮಂಗಳವಾರದಿಂದ ಈ ಎರಡು ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿವೆ. ಪಾತ್ರೆ ತೊಳೆಯುವಾಗ ಅದೇ, ರಾತ್ರಿ ಮಗ್ಗುಲು ಬದಲಿಸುವಾಗಲೂ ಅದೇ. ಸುಳ್ಳು ಹೇಳಿದವಳು ನಾನು. ತಮಾಷೆ ಅಂದ್ರೆ, ಸುಳ್ಳು ಹೇಳ್ತಿದ್ದೀನಿ ಅಂತ ಆಗ ನನಗೇ ಗೊತ್ತಿರಲಿಲ್ಲ.

ಅಮೆರಿಕದಲ್ಲಿ ರಾಸಾಯನಿಕಗಳ ಗೋದಾಮೊಂದರ ಡಿಸ್‌ಪ್ಯಾಚ್‌ನಲ್ಲಿ ನನ್ನ ಕೆಲಸ. ಲೋಡ್ ಆದ ಮೇಲೆ ಪೇಪರ್ ನೋಡಬೇಕು, ಟ್ರೇಲರ್ ಸುತ್ತ ಒಂದು ಸುತ್ತು ಬರಬೇಕು, ಸಹಿ ಹಾಕಬೇಕು. ಅಂದು ಸಾವಿರ ಲೀಟರಿನ ಚೌಕ ಟ್ಯಾಂಕುಗಳಲ್ಲಿ ಹೈಪೋಕ್ಲೋರೈಟ್ ದ್ರಾವಣ ಹೋಗುತ್ತಿತ್ತು. ಮನೆಯಲ್ಲಿ ಬಟ್ಟೆಗೆ ಹಾಕುವ ಬ್ಲೀಚ್‌ನ ಜೋರಿನ ಅಣ್ಣ ಅಂದುಕೊಳ್ಳಿ. ಅದರ ಯುಎನ್ ನಂಬರ್, ಅಂದರೆ ಅಪಾಯಕಾರಿ ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ನಂಬರ್, 1791. ಇಂಥ ಲಾರಿಯ ನಾಲ್ಕೂ ಕಡೆ ಡೈಮಂಡ್ ಆಕಾರದ ಪ್ಲಕಾರ್ಡ್, ಅಂದರೆ ಎಚ್ಚರಿಕೆಯ ಫಲಕ, ಇರಬೇಕು. ಮೇಲರ್ಧ ಬಿಳಿ, ಕೆಳಗರ್ಧ ಕಪ್ಪು, ಕೈಯ ಮೇಲೂ ಲೋಹದ ಮೇಲೂ ತೊಟ್ಟಿಕ್ಕುವ ಎರಡು ಗಾಜಿನ ನಳಿಗೆಗಳ ಚಿತ್ರ, ನಡುವೆ ನಂಬರ್, ಕೆಳಗೆ 8. ಎಂಟನೇ ವರ್ಗ ಅಂದರೆ ಚರ್ಮವನ್ನು ಸುಡುವಂಥದ್ದು ಅಥವಾ ಲೋಹವನ್ನು ಕೊರೆಯುವಂಥದ್ದು.

ಡ್ರೈವರ್ ಅಂಕಲ್ ಪಂಜಾಬಿನವರು. ಅವರ ಹಿಂದಿಯಲ್ಲಿ ಅರ್ಧ ಪಂಜಾಬಿ, ನನ್ನದರಲ್ಲಿ ಅರ್ಧ ಕನ್ನಡ. ಇಡೀ ಯಾರ್ಡ್‌ನಲ್ಲಿ ನನ್ನನ್ನು ಊಟ ಆಯ್ತಾ ಅಂತ ಕೇಳುವ ಮನುಷ್ಯ ಅವರೊಬ್ಬರೇ. ಅದಕ್ಕೇ ಅವರ ಲಾರಿ ಬಂದರೆ ನನ್ನ ಸುತ್ತು ಸ್ವಲ್ಪ ಚಿಕ್ಕದಾಗುತ್ತದೆ. ಒಪ್ಪಿಕೊಳ್ಳಬೇಕಲ್ಲ.

ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ರಸ್ತೆಗೆ ಸುರಿದ ಉಪ್ಪು, ಕರಗಿದ ಹಿಮ, ಮಣ್ಣು ಎಲ್ಲ ಸೇರಿ ಟ್ರೇಲರಿನ ಬೆನ್ನಿಗೆ ಬೂದಿ ಬಣ್ಣದ ಗಾರೆ ಮೆತ್ತಿದಂತಿತ್ತು. ಪ್ಲಕಾರ್ಡಿನ ಡೈಮಂಡ್ ಆಕಾರ ತಿಳಿಯುತ್ತಿತ್ತು. ನಂಬರಿನಲ್ಲಿ 17 ಸ್ಪಷ್ಟ. ಉಳಿದೆರಡು ಅಂಕೆಗಳು ಕೆಸರಿನ ಹಿಂದೆ ಮಸುಕು ಮಸುಕು. ಆಗಲೇ ಅಂಕಲ್ ಕೇಳಿದ್ದು. ನಾನು ಪೇಪರ್ ನೋಡಿದೆ, 1791. ಪ್ಲಕಾರ್ಡ್ ನೋಡಿದೆ, 1791. ಸರಿ ಅಂದೆ.

ಅಷ್ಟರಲ್ಲಿ ನಮ್ಮ ಸೂಪರ್‌ವೈಸರ್ ಬಂದರು. ಈ ಹೆಂಗಸು ನನಗೆ ಯಾವತ್ತೂ ಅಷ್ಟಕ್ಕಷ್ಟೇ. ಬೇರೆಯವರ ಮೇಜಿನ ಪೆನ್ನನ್ನೂ ನೇರ ಮಾಡಿಟ್ಟು ಹೋಗುವ ಜಾತಿ. ತಮ್ಮ ಊರಿನ ಫೈರ್ ಸ್ಟೇಷನ್‌ನಲ್ಲಿ ಸಂಬಳವಿಲ್ಲದೆ ದುಡಿಯುತ್ತಾರೆ, ಆ ವಿಷಯ ತಿಂಗಳಿಗೊಮ್ಮೆಯಾದರೂ ನಮಗೆ ನೆನಪಿಸುತ್ತಾರೆ. ಟ್ರೇಲರಿನ ಬೆನ್ನು ನೋಡಿ ನನ್ನನ್ನು ಗೇಟಿನ ತನಕ ಕರೆದುಕೊಂಡು ಹೋದರು.

"ಪೇಪರ್ ಜೇಬಿಗೆ ಹಾಕು. ಈಗ ಓದು."

"1791."

"ಪೇಪರನ್ನಲ್ಲ. ಅಲ್ಲಿರೋದನ್ನ ಓದು."

ಕಣ್ಣು ಕಿರಿದು ಮಾಡಿದೆ. ಒಂದು, ಏಳು. ಆಮೇಲೆ ಏನೋ ಒಂದು ಗುಂಡಗಿನದು. ಅದರ ಪಕ್ಕ ಇನ್ನೇನೋ. ಅಂಕಲ್ ಆಗಲೇ ತಲೆ ತಗ್ಗಿಸಿದ್ದರು. ಅದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

ಸೂಪರ್‌ವೈಸರೇ ಒಂದು ಬಕೆಟ್ ಬಿಸಿನೀರು ತಂದು ಎರಚಿದರು. ಗಾರೆ ಇಳಿಯಿತು.

1789.

ಹೈಡ್ರೋಕ್ಲೋರಿಕ್ ಆ್ಯಸಿಡ್! ಹಿಂದಿನ ಲೋಡಿನದು. ನಾವು ಕೊಟ್ಟ ನಾಲ್ಕು ಪ್ಲಕಾರ್ಡುಗಳಲ್ಲಿ ಮೂರನ್ನು ಅಂಕಲ್ ಹಾಕಿದ್ದರು. ಟ್ರೇಲರಿನ ಬೆನ್ನಿನ ಹೋಲ್ಡರಿನ ಕ್ಲಿಪ್ ಹೆಪ್ಪುಗಟ್ಟಿ ತೆರೆಯಲಿಲ್ಲವಂತೆ. "ಚಿತ್ರ ಒಂದೇ ಅಲ್ವಾ ಬೇಟಾ, ಅದೂ ಎಂಟೇ, ಇದೂ ಎಂಟೇ" ಎಂದರು. ಮೋಸ ಮಾಡುವ ಮನುಷ್ಯ ಅಲ್ಲ ಅವರು. ಆ ಚಳಿಯಲ್ಲಿ ಬೆರಳು ಮರಗಟ್ಟಿದಾಗ ನಾನಾದರೂ ಬಹುಶಃ ಹಾಗೇ ಬಿಡುತ್ತಿದ್ದೆ.

ಆದರೆ ವರ್ಗ ಒಂದೇ ಆದರೂ ಸರಕು ಒಂದೇ ಅಲ್ಲ. ಇಲ್ಲಿನ ಫೈರ್ ಇಂಜಿನ್‌ಗಳಲ್ಲಿ ಎಮರ್ಜೆನ್ಸಿ ರೆಸ್ಪಾನ್ಸ್ ಗೈಡ್‌ಬುಕ್ ಅಂತ ಒಂದು ಕಿತ್ತಳೆ ಬಣ್ಣದ ಪುಸ್ತಕ ಇರುತ್ತದೆ. ಅದರ ಹಳದಿ ಹಾಳೆಗಳಲ್ಲಿ ನಂಬರ್ ಹುಡುಕಿದರೆ ಯಾವ ಮಾರ್ಗದರ್ಶಿ ನೋಡಬೇಕು ಅಂತ ಸಿಗುತ್ತದೆ. 1791 ಇದ್ದರೆ 154, 1789 ಇದ್ದರೆ 157. ಈ ಎರಡೂ ದ್ರವಗಳು ಒಂದಕ್ಕೊಂದು ಬೆರೆತರಂತೂ ಕ್ಲೋರಿನ್ ಗ್ಯಾಸ್ ಏಳುತ್ತದೆ. ಲಾರಿ ಮಗುಚಿ ಬಿದ್ದಾಗ ಡ್ರೈವರಿಗೆ ಪ್ರಜ್ಞೆ ಇರದಿರಬಹುದು. ಪೇಪರ್ ಕ್ಯಾಬಿನ್ನಿನೊಳಗೆ ಸಿಕ್ಕಿಕೊಂಡಿರಬಹುದು. ದೂರ ನಿಂತು ಬೈನಾಕ್ಯುಲರ್ ಹಿಡಿದವರಿಗೆ ಆಗ ಸಿಗುವುದು ಒಂದೊಂದು ಬದಿ 250 ಮಿಲಿಮೀಟರ್ ಇರುವ ಆ ಫಲಕ ಒಂದೇ.

ಅವತ್ತು ರಾತ್ರಿ ಅಪಾಯಕಾರಿ ಸರಕು ಸಾಗಿಸುವ ಬಗ್ಗೆ ಇಲ್ಲಿನ ಸರ್ಕಾರದ ನಿಯಮಗಳಲ್ಲಿ 172.516ನೆಯದನ್ನು ಮತ್ತೆ ತೆಗೆದು ಓದಿದೆ. ಟ್ರೈನಿಂಗ್‌ನಲ್ಲಿ ಓದಿದ್ದೇ, ಪರೀಕ್ಷೆ ಬರೆದು ಮರೆತದ್ದು. ಫಲಕ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಕಿನಿಂದ ಸ್ಪಷ್ಟವಾಗಿ ಕಾಣಬೇಕು. ಏಣಿ, ಪೈಪು, ಬಾಗಿಲು, ಟಾರ್ಪಾಲು ಅಡ್ಡ ಬರಬಾರದು. ಆದಷ್ಟೂ ಚಕ್ರದ ಕೆಸರು ಸಿಡಿಯದ ಜಾಗದಲ್ಲಿರಬೇಕು. ಕೊಳೆ ಹಿಡಿದು ಮಂಕಾಗದ ಹಾಗೆ ನೋಡಿಕೊಳ್ಳುವುದು ಸಾಗಿಸುವವರ ಹೊಣೆ. ಗಮನ ಸೆಳೆದುಕೊಳ್ಳುವ ಜಾಹೀರಾತು ಏನಾದರೂ ಇದ್ದರೆ ಅದಕ್ಕೂ ಫಲಕಕ್ಕೂ ಕನಿಷ್ಠ 3 ಇಂಚು ಅಂತರ ಬೇಕು. ಅಂಕಲ್ ಲಾರಿಯಲ್ಲಿ 'ನನ್ನ ಡ್ರೈವಿಂಗ್ ಹೇಗಿದೆ? ಫೋನ್ ಮಾಡಿ' ಅನ್ನುವ ದೊಡ್ಡ ಹಳದಿ ಸ್ಟಿಕ್ಕರ್ ಫಲಕಕ್ಕೆ ಒರಗಿಕೊಂಡೇ ಇತ್ತು. ಅದರ ಫೋನ್ ನಂಬರ್ ಮಾತ್ರ ಕೆಸರಿನಲ್ಲೂ ಫಳಫಳ! 172.502 ಅಂತ ಇನ್ನೊಂದಿದೆ. ಫಲಕದಂತೆ ಕಾಣುವ ಯಾವ ಘೋಷಣೆಯನ್ನೂ ಹಾಕಬಾರದು ಅನ್ನುತ್ತದೆ. ಅದಕ್ಕೆ ಕೊಟ್ಟ ಉದಾಹರಣೆ 'ಜೋಪಾನವಾಗಿ ಓಡಿಸಿ'. ಪಾಪ, ಒಳ್ಳೆ ಮಾತಿಗೂ ಅಲ್ಲಿ ಜಾಗವಿಲ್ಲ.

ಎಷ್ಟು ಅಡಿ ದೂರದಿಂದ ಕಾಣಬೇಕು ಅಂತ ಮಾತ್ರ ಆ ನಿಯಮದಲ್ಲಿ ಬರೆದಿಲ್ಲ. ಮೊದಲು ಇದು ಎಡವಟ್ಟು ಅನ್ನಿಸಿತು. ಎರಡನೇ ಸಲ ಓದುವಾಗ ಹೊಟ್ಟೆಯಲ್ಲಿ ಏನೋ ಆಯಿತು. ನಾನು ನಿಂತಿದ್ದು ಮೂರು ಅಡಿ ದೂರದಲ್ಲಿ. ಬೆಳಕಿತ್ತು, ಚಷ್ಮಾ ಇತ್ತು. ಆದರೂ ಇಲ್ಲದ ನಂಬರನ್ನು ಓದಿದೆ. ಕೈಯಲ್ಲಿ ಉತ್ತರ ಇಟ್ಟುಕೊಂಡು ಪ್ರಶ್ನೆ ನೋಡಿದ್ದೆ. ಮನೆಯಲ್ಲಿ ಅಮ್ಮ "ಚೆನ್ನಾಗಿದ್ದೀಯಾ?" ಅಂತ ಫೋನಿನಲ್ಲಿ ಕೇಳಿದಾಗ ನಾನು "ಹ್ಞೂಂ" ಅನ್ನುತ್ತೇನಲ್ಲ, ಅಮ್ಮನೂ ಹೀಗೇ ಓದುತ್ತಿರಬಹುದಾ ಅಂತೆಲ್ಲ ಯೋಚನೆ ಎಲ್ಲೆಲ್ಲಿಗೋ ಹೋಯಿತು.

ಅಂಕಲ್‌ಗೆ ಸೂಪರ್‌ವೈಸರ್ ಬೈಯಲಿಲ್ಲ. ಉಳಿದ ಬಿಸಿನೀರನ್ನು ಕ್ಲಿಪ್ಪಿನ ಮೇಲೆ ಸುರಿದರು. ಇಬ್ಬರೂ ಸೇರಿ ಹಳೆಯದನ್ನು ಕಿತ್ತು 1791 ಸಿಕ್ಕಿಸಿದರು, ಸ್ಟಿಕ್ಕರನ್ನೂ ಕೆರೆದರು. ಹೊರಡುವಾಗ ಅಂಕಲ್ ಇಳಿದು ಗೇಟಿನ ತನಕ ನಡೆದು, ತಿರುಗಿ ನಿಂತು ತಮ್ಮ ಲಾರಿಯನ್ನು ಒಂದು ಕ್ಷಣ ನೋಡಿದರು. ಅಂದು ಊಟ ಆಯ್ತಾ ಅಂತ ಕೇಳಲಿಲ್ಲ.

ಕಿತ್ತ 1789ನ್ನು ಯಾರೋ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಯಾರು ಅಂತ ಕೇಳಬೇಕಾಗಿರಲಿಲ್ಲ. ಮೇಜಿನ ಅಂಚಿಗೆ ಸರಿಯಾಗಿ ನೇರ ಮಾಡಿ ಇಟ್ಟಿದ್ದರು.