ಜೀನು ಹಾಕೋದು ಎಲ್ಲೈತಿ?

ನನ್ನ ಕುದುರೆ ಮಲ್ಲನನ್ನು ನಾನು ಮೊದಲ ಸಲ ಮುಟ್ಟಿದ್ದು ದುಡ್ಡು ಕಳಿಸಿ ನಾಲ್ಕು ತಿಂಗಳಾದ ಮೇಲೆ. ಅಲ್ಲಿವರೆಗೂ ಅವನು ನನ್ನ ಫೋನಿನೊಳಗಿದ್ದ. 14 ವಿಡಿಯೋ, ಲೆಕ್ಕವಿಲ್ಲದಷ್ಟು ಫೋಟೋ, ಒಂದು ಎಕ್ಸ್‌ರೇ ಫೈಲು. ಹಿಂದಿನ ಎಡಗಾಲಿನ ಬಿಳಿ ಎಲ್ಲಿವರೆಗಿದೆ ಅಂತ ನಿದ್ದೆಗಣ್ಣಲ್ಲಿ ಕೇಳಿದ್ದರೂ ಹೇಳುತ್ತಿದ್ದೆ. ಮೈವಾಸನೆ ಹೇಗಿರುತ್ತೆ ಅಂದಿದ್ದರೆ ಗೊತ್ತಿಲ್ಲ.

ದಾವಣಗೆರೆಯಲ್ಲಿ ಕೂತು ಹಾಲೆಂಡಿನಿಂದ ಕುದುರೆ ತರಿಸಿದೆ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಎಷ್ಟಾಯ್ತು ಅಂತಾರೆ. ಹೇಳಿಬಿಡುತ್ತೇನೆ. ಕುದುರೆಗೆ 22,000 ಯೂರೋ, ಆಗಿನ ಲೆಕ್ಕದಲ್ಲಿ ಸುಮಾರು 20 ಲಕ್ಷ ರೂಪಾಯಿ. ವಿಮಾನ, ಕ್ವಾರಂಟೈನ್, ಸುಂಕ, ಏಜೆಂಟರ ಕಮಿಷನ್ ಎಲ್ಲಾ ಸೇರಿ ಹೆಚ್ಚೂಕಮ್ಮಿ ಇನ್ನೊಂದು ಕುದುರೆಯಷ್ಟು. ಬೆಂಗಳೂರಿನಲ್ಲಿ 11 ವರ್ಷ ದುಡಿದು ಕೂಡಿಟ್ಟಿದ್ದು ಹೋಯ್ತು, ಜೊತೆಗೆ ಒಂದು ಸೈಟೂ ಹೋಯ್ತು. ಅಮ್ಮ ಇವತ್ತಿಗೂ "ನಿನ್ನ ಸೈಟಿಗೆ ಹುಲ್ಲು ಹಾಕಿದ್ಯಾ?" ಅಂತಲೇ ಕೇಳುವುದು.

ಬೆಂಗಳೂರಿನಲ್ಲಿ ಕೆಲಸದ ಜೊತೆಗೆ ಸವಾರಿ ಕಲಿತೆ, ಅಲ್ಲಿ ಡ್ರೆಸಾಜ್ ಹುಚ್ಚು ಹಿಡಿಯಿತು. ಓಡಿಸುವುದಲ್ಲ, ಹಾರಿಸುವುದಲ್ಲ. ಸವಾರ ಕೂತಲ್ಲೇ ಸ್ವಲ್ಪ ತೂಕ ಬದಲಿಸಿದರೆ ಕುದುರೆ ನಡಿಗೆ ಬದಲಿಸಬೇಕು, ಅಂಥ ಆಟ. ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಊರಿಗೆ ಬಂದು ಚನ್ನಗಿರಿ ಕಡೆಯ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ತೋಟದ ತುದಿಗೆ ಲಾಯ ಕಟ್ಟಿಸಿ ರಾಜಸ್ಥಾನದ ಮಾರ್ವಾಡಿ ತಳಿಯ ಎರಡು ಕುದುರೆ ಸಾಕಿದೆ. ಒಳ್ಳೆ ಕುದುರೆಗಳೇ. ಆದರೆ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮವರು ಡ್ರೆಸಾಜ್ ತಂಡದ ಚಿನ್ನ ಗೆದ್ದರಲ್ಲ, ಕುದುರೆ ಸವಾರಿಯಲ್ಲಿ 41 ವರ್ಷಕ್ಕೆ ಸಿಕ್ಕ ಚಿನ್ನ ಅದು, ಅವತ್ತು ಫೋನಿನಲ್ಲಿ ಆ ಕುದುರೆಗಳ ನಡಿಗೆ ನೋಡಿದ ಮೇಲೆ ನನಗೆ ಸಮಾಧಾನವೇ ಇಲ್ಲ. ಅವರೆಲ್ಲ ಯುರೋಪಿನಲ್ಲೇ ಇದ್ದು ಕಲಿತವರು. ನಾನು ಅಡಿಕೆ ಬಿಟ್ಟು ಎಲ್ಲಿಗೆ ಹೋಗಲಿ?

ನೋಡಿಕೊಂಡು ಬರೋಕಾದರೂ ಹೋಗಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಹೋಗಬೇಕಿತ್ತು. ಅದು ಅಕ್ಟೋಬರ್, ಕೊಯ್ಲಿನ ಕಾಲ, ಸುಲಿಯುವವರು ಸಿಕ್ಕಿದ ದಿನ ಬಿಟ್ಟರೆ ಮತ್ತೆ ಸಿಗಲ್ಲ. ವೀಸಾಗೆ ದಿನ ಸಿಗುತ್ತಿರಲಿಲ್ಲ. ಅತ್ತ ಏಜೆಂಟ್, ಇನ್ನೊಬ್ಬರು ಮುಂದಿನ ವಾರ ನೋಡೋಕೆ ಬರ್ತಿದ್ದಾರೆ ಅಂತ ಮೆಸೇಜ್ ಮೇಲೆ ಮೆಸೇಜ್. ಆ ಇನ್ನೊಬ್ಬರು ನಿಜವಾಗಿ ಇದ್ದರೋ ಇಲ್ಲವೋ ದೇವರಿಗೇ ಗೊತ್ತು.

ನಮ್ಮ ಲಾಯ ನೋಡಿಕೊಳ್ಳುವವರು ಒಬ್ಬ ಚಾಚಾ. ಎಪ್ಪತ್ತು ದಾಟಿದೆ. ಒಂದು ಕಾಲದಲ್ಲಿ ದಾವಣಗೆರೆ ಸ್ಟೇಷನ್ ಮುಂದೆ ಜಟಕಾ ಹೊಡೆಯುತ್ತಿದ್ದವರು. ಕುದುರೆ ವಿಷಯದಲ್ಲಿ ಅವರು ಓದಿದ್ದು ಏನೂ ಇಲ್ಲ, ನೋಡಿದ್ದು ಮಾತ್ರ ನನ್ನ ಹತ್ತರಷ್ಟು. ವಿಡಿಯೋ ತೋರಿಸಿದೆ. ಕಣ್ಣು ಕಿರಿದು ಮಾಡಿ ಎರಡು ಸಲ ನೋಡಿದರು.

"ವಯಸ್ಸೆಷ್ಟು?"

"ಏಳು."

"ಹಲ್ಲು ನೋಡಿದ್ರಾ?"

ಅವರಿಗೆ ಹೇಳಿದೆ, ಈ ತಳಿಯಲ್ಲಿ ವಯಸ್ಸು ಹೆಸರಿನಲ್ಲೇ ಇರುತ್ತೆ ಅಂತ. ಡಚ್ ವಾರ್ಮ್‌ಬ್ಲಡ್ ಕುದುರೆಗಳ ಸಂಘದವರು ವರ್ಷಕ್ಕೊಂದು ಅಕ್ಷರ ಇಡುತ್ತಾರೆ. 2011ರಲ್ಲಿ ಹುಟ್ಟಿದ ಮರಿಗಳ ಹೆಸರು ಇಂಗ್ಲಿಷಿನ 'ಜಿ'ಯಿಂದ, 2017ರವು 'ಎಂ'ನಿಂದ. ಇವನ ಹೆಸರು ಶುರುವಾಗೋದು 'ಎಂ'ನಿಂದ. ಚಾಚಾ ನಕ್ಕರು. "ಹೆಸರು ಬದಲಾಯ್ಸೋಕೆ ಎಷ್ಟೊತ್ತು?" ಅದಕ್ಕೂ ಉತ್ತರ ಇತ್ತು. ಕತ್ತಿನ ಚರ್ಮದೊಳಗೆ ಮೈಕ್ರೋಚಿಪ್, ಅದರಲ್ಲಿ 15 ಅಂಕಿ, ಅದೇ ಅಂಕಿ ಪಾಸ್‌ಪೋರ್ಟಿನಲ್ಲಿ. ಕುದುರೆಗೂ ಪಾಸ್‌ಪೋರ್ಟಾ ಅಂತ ಅವರು ಒಂದು ದಿನವೆಲ್ಲ ತೋಟದಲ್ಲಿ ಹೇಳಿಕೊಂಡು ತಿರುಗಿದರು. ನನಗೇ ಸಿಗದ ವೀಸಾ ಕುದುರೆಗೆ ಸಿಗುತ್ತಲ್ಲ ಅಂತ ನನಗೂ ಅನ್ನಿಸಿತ್ತು.

ಆಮೇಲೆ ಸುಳಿ. ದನಕ್ಕಾಗಲಿ ಕುದುರೆಗಾಗಲಿ ನಮ್ಮ ಕಡೆ ಸುಳಿ ನೋಡದೆ ಕೊಳ್ಳುವವರಿಲ್ಲ. ನನಗೆ ಅದರಲ್ಲಿ ನಂಬಿಕೆ ಇಲ್ಲ, ಆದರೂ ಅವರ ಸಮಾಧಾನಕ್ಕೆ ಪಾಸ್‌ಪೋರ್ಟಿನ ಫೋಟೋ ತರಿಸಿದೆ. ನೋಡಿದರೆ ಅದರಲ್ಲಿ ಕುದುರೆಯ ಚಿತ್ರ ಬರೆದು ಹಣೆಯ ಮೇಲೆ, ಕತ್ತಿನ ಮೇಲೆ ಎಲ್ಲೆಲ್ಲಿ ಸುಳಿ ಇದೆ ಅಂತ ಪುಟ್ಟ ಗುರುತು ಹಾಕಿದ್ದಾರೆ! ಅವರಿಗೆ ಅದೃಷ್ಟದ ಲೆಕ್ಕವಲ್ಲ, ನಮ್ಮ ಬೆರಳಚ್ಚಿದ್ದ ಹಾಗೆ, ಒಂದು ಕುದುರೆಯ ಸುಳಿ ಇನ್ನೊಂದಕ್ಕಿರಲ್ಲ. ಚಾಚಾಗೆ ಮಾತ್ರ ಡಚ್ಚರ ಮೇಲೆ ಗೌರವ ಜಾಸ್ತಿಯಾಯ್ತು.

ವಿಡಿಯೋದಲ್ಲಿ ಕುದುರೆ ಬರೀ ಎಡಕ್ಕೇ ಸುತ್ತುತ್ತಿದೆ ಅಂತ ಹಿಡಿದದ್ದೂ ಅವರೇ. ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ ಇದ್ದರೆ ಮಾರುವವರು ಸಲೀಸಾದ ಕಡೆಯನ್ನೇ ತೋರಿಸುತ್ತಾರೆ ಅಲ್ವಾ? ಕತ್ತರಿಸದ ವಿಡಿಯೋ ಬೇಕು, ಬಲಕ್ಕೂ ಸುತ್ತಿಸಿ ಅಂದೆ. ನಮ್ಮಲ್ಲಿ ಮಧ್ಯಾಹ್ನ ಎರಡು, ಅವರಲ್ಲಿ ಬೆಳಗ್ಗೆ ಹತ್ತೂವರೆ, ಲೈವ್ ಆಗಿ ತೋರಿಸಿದರು. ಬಲಕ್ಕೂ ಚೆನ್ನಾಗಿದ್ದ. ಅಡಿಕೆ ಸುಲಿಯುವ ಹೆಂಗಸರೆಲ್ಲ ನನ್ನ ಹಿಂದೆ ನಿಂತು ನೋಡಿದರು.

ಎಲ್ಲ ಮುಗಿದ ಮೇಲೆ ಚಾಚಾ ಒಂದು ಮಾತು ಕೇಳಿದರು. "ಎಲ್ಲಾ ವಿಡಿಯೋನೂ ಜೀನು ಹಾಕಿ ಆದ್ಮೇಲೆ ಶುರುವಾಗ್ತೈತಿ. ಜೀನು ಹಾಕೋದು ಎಲ್ಲೈತಿ?"

ಅದೇನು ದೊಡ್ಡ ವಿಷಯ, ಯಾರು ಹಾಕಿದರೂ ಹಾಗೇ ಹಾಕೋದು ಅಂದೆ. ಅವರು ಮತ್ತೆ ಕೇಳಲಿಲ್ಲ.

ಡಾಕ್ಟರ್ ವಿಷಯದಲ್ಲಿ ನಾನು ಗಟ್ಟಿ ಇದ್ದೆ. ಮಾರುವವರ ಲಾಯಕ್ಕೆ ಬಂದು ಹೋಗುವ ಡಾಕ್ಟರ್ ಬೇಡ, ಸಂಬಂಧವೇ ಇಲ್ಲದವರು ಬೇಕು ಅಂತ ನಾನೇ ಹುಡುಕಿ ದುಡ್ಡು ಕಟ್ಟಿದೆ. ಅವರು ಒಂದೊಂದೇ ಕಾಲು ಎತ್ತಿ ಕೀಲನ್ನು ಒಂದು ನಿಮಿಷದಷ್ಟು ಮಡಚಿ ಹಿಡಿದು, ಬಿಟ್ಟ ತಕ್ಷಣ ದುಡುದುಡು ಓಡಿಸುತ್ತಾರೆ. ಒಳಗೆ ನೋವಿದ್ದರೆ ಮೊದಲ ಹೆಜ್ಜೆಗಳಲ್ಲೇ ಕುಂಟು ಕಾಣುತ್ತೆ. ಗಟ್ಟಿ ನೆಲದ ಮೇಲೆ, ಮೆತ್ತನೆ ನೆಲದ ಮೇಲೆ ಬೇರೆ ಬೇರೆ. ಎದೆಬಡಿತ, ಉಸಿರು, ಕಣ್ಣು, ಬೆನ್ನಿನ ಎಕ್ಸ್‌ರೇ. ಕೊನೆಗೆ ಸ್ವಲ್ಪ ರಕ್ತ ತೆಗೆದಿಟ್ಟುಕೊಳ್ಳುತ್ತಾರೆ. ಆ ದಿನ ನೋವಿನ ಮಾತ್ರೆ, ಮಂಪರಿನ ಮದ್ದು ಕೊಟ್ಟು ನಿಲ್ಲಿಸಿದ್ದರು ಅಂತ ಮುಂದೆ ಅನುಮಾನ ಬಂದರೆ ಪರೀಕ್ಷೆ ಮಾಡಿಸಬಹುದು. ದುಡ್ಡು ಉಳಿಸೋಕೆ ಹೋಗಿ ಇದೊಂದನ್ನು ಬಿಡಬೇಡಿ. ವರದಿ ಚೆನ್ನಾಗಿ ಬಂತು. ಕಾಲು ಚೆನ್ನಾಗಿದೆ, ಗುಂಡಿಗೆ ಚೆನ್ನಾಗಿದೆ. ಕುದುರೆಗೆ ಏನು ಚಾಳಿ ಇದೆ ಅಂತ ಡಾಕ್ಟರ್ ಒಂದು ಬೆಳಗ್ಗೆ ಬಂದು ಹೋಗಿ ಹೇಳೋಕಾಗಲ್ಲ, ಅದು ಅವರ ತಪ್ಪಲ್ಲ.

ದುಡ್ಡು ಕಳಿಸಿದ ರಾತ್ರಿ ಅಪ್ಪ ಹೇಳಿದ್ದು ಒಂದೇ ಮಾತು: "ನೀರಲ್ಲಿರೋ ಎಮ್ಮೆ ವ್ಯಾಪಾರ ಮಾಡಿದೆ ಬಿಡು." ಅಪ್ಪ ಸಂತೆಯಲ್ಲಿ ಟವೆಲ್ ಕೆಳಗೆ ಕೈ ಇಟ್ಟು ಬೆರಳು ಹಿಡಿದು ಎತ್ತು ಕೊಂಡವರು. ಅಲ್ಲಿ ಬೆಲೆ ಯಾರಿಗೂ ಕಾಣಲ್ಲ, ಎತ್ತು ಮಾತ್ರ ಎಲ್ಲರಿಗೂ ಕಾಣುತ್ತೆ. ನಂದು ಪೂರ್ತಿ ಉಲ್ಟಾ.

ಆದರೂ ನಾನೇ ಮೊದಲನೆಯವಳಲ್ಲ. ಇಲ್ಲಿಂದ ಹಂಪಿ ಎಷ್ಟು ದೂರ? ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ರಾಜ ಸಾಳುವ ನರಸಿಂಹ ಸಮುದ್ರದಾಚೆಯ ಹೊರ್ಮುಜ್‌ನಿಂದ, ಏಡನ್‌ನಿಂದ ಕುದುರೆ ತರಿಸುತ್ತಿದ್ದನಂತೆ. ಬದುಕಿರಲಿ ಸತ್ತಿರಲಿ, ಮೂರು ಕುದುರೆಗೆ 1,000 ಪರ್ದಾವು, ಅಂದರೆ ಆಗಿನ ಚಿನ್ನದ ನಾಣ್ಯ. ಸಮುದ್ರದಲ್ಲೇ ಸತ್ತು ಹೋದರೆ ಬರೀ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ದುಡ್ಡು. ಕುದುರೆ ತನ್ನ ಬಿಟ್ಟು ಬೇರೆಯವರ ಪಾಲಾಗಬಾರದು ಅಂತ ರಾಜನಿಗೆ ಎಷ್ಟು ಭಯ ಇದ್ದಿರಬೇಕು! ನಾನು ಏಜೆಂಟನಿಗೆ ಬಾಲದ ಲೆಕ್ಕ ಒಪ್ಪಲಿಲ್ಲ. ದಾರಿಯ ಇನ್ಶೂರೆನ್ಸ್ ಮಾಡಿಸಿದೆ, ಲಾಯದಿಂದ ಹೊರಟ ಗಳಿಗೆಯಿಂದ.

ವಿಮಾನದಲ್ಲಿ ಕುದುರೆ ನಿಂತೇ ಬರುತ್ತೆ. ಇಕ್ಕಟ್ಟಾದ ಪೆಟ್ಟಿಗೆಯಂಥ ಗೂಡಿನಲ್ಲಿ, ತಲೆ ಕಟ್ಟಿ. ಕೇಡು ಇರುವುದು ಆ ತಲೆ ಕಟ್ಟುವುದರಲ್ಲೇ. ಕುದುರೆ ತಲೆ ತಗ್ಗಿಸಿದರೆ ತಾನೇ ಶ್ವಾಸನಾಳದ ಕೊಳೆ ಇಳಿದು ಹೋಗುವುದು. ಗಂಟೆಗಟ್ಟಲೆ ತಗ್ಗಿಸದಿದ್ದರೆ ಧೂಳು, ಕಫ ಎಲ್ಲ ಒಳಗೇ ಉಳಿದು ಎದೆಗೆ ಸೋಂಕಾಗಬಹುದು. ಅದಕ್ಕೇ ಇಳಿದ ಮೇಲೆ ದಿನಕ್ಕೆ ಎರಡು ಸಲ ಜ್ವರ ನೋಡಬೇಕು, 38.5 ಡಿಗ್ರಿ ದಾಟಿದರೆ ಡಾಕ್ಟರಿಗೆ ಫೋನು. ಮಲ್ಲನಿಗೆ ಏನೂ ಆಗಲಿಲ್ಲ. ಅಲ್ಲಿ ಕ್ವಾರಂಟೈನ್, ಇಲ್ಲಿ ಕ್ವಾರಂಟೈನ್, ಕಾಗದದ ಮೇಲೆ ಕಾಗದ. ನಮ್ಮಲ್ಲಿ ಜಾನುವಾರು ಆಮದಿಗೆ ಇವತ್ತಿಗೂ 1898ರ ಕಾಯ್ದೆ. ಆ ಕಥೆ ಬರೆದರೆ ನಿಮಗೂ ಬೇಜಾರು, ನನಗೂ ಬೇಜಾರು.

ಒಂದು ಮಾತ್ರ ಹೇಳಬೇಕು. ಇಲ್ಲಿಗೆ ಬಂದ ಕುದುರೆಯನ್ನು ಯುರೋಪಿಗೆ ವಾಪಸ್ ಕಳಿಸುವುದು ತರಿಸಿದಷ್ಟು ಸುಲಭ ಅಲ್ಲ, ರೋಗದ ನಿಯಮಗಳು ಅಡ್ಡ ಬರುತ್ತವೆ. 2025ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ರೋಗಮುಕ್ತ ಜಾಗ ಅಂತ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಸ್ಪರ್ಧೆಗೆ ಹೋಗುವ ಕುದುರೆಗಳಿಗೆ ದಾರಿ ತೆರೆಯಬಹುದು. ಚನ್ನಗಿರಿ ರಸ್ತೆಯ ಲಾಯಕ್ಕಲ್ಲ. ಇಷ್ಟ ಆಗಲಿಲ್ಲ ಅಂತ ವಾಪಸ್ ಕೊಡುವ ಸೀರೆ ಅಲ್ಲ ಇದು.

ಫೆಬ್ರವರಿ ಕೊನೆಗೆ ಲಾರಿಯಲ್ಲಿ ತೋಟಕ್ಕೆ ಬಂದ. ಹಾಲೆಂಡಿನ ಚಳಿಯ ಕೂದಲು ಅರ್ಧ ಹಾಗೇ ಇತ್ತು, ಕರಡಿ ಹಾಗೆ. ಕಾಗದದ ಮೇಲಿನ ಹೆಸರು ಯಾರ ನಾಲಿಗೆಗೂ ತಿರುಗಲಿಲ್ಲ, ಚಾಚಾ ಲಾರಿ ಬಾಗಿಲಲ್ಲೇ ಮಲ್ಲ ಅಂದರು, ಅದೇ ಉಳಿಯಿತು. ಮೆತ್ತಗಿದ್ದ. ಮಕ್ಕಳು ಮೂತಿ ಮುಟ್ಟಿದರೂ ಸುಮ್ನೆ ನಿಂತ. ನಾನು ಗೆದ್ದೆ ಅಂದುಕೊಂಡೆ.

ವಾರ ಬಿಟ್ಟು ಜೀನು ಹಾಕಿದೆ. ಹೊಟ್ಟೆಪಟ್ಟಿ ಎರಡನೇ ತೂತಿಗೆ ಎಳೆದೆ ನೋಡಿ, ಉಸಿರು ಬಿಗಿಹಿಡಿದ, ಬೆನ್ನು ಗೂನಾಯ್ತು, ಮುಂದಿನ ಕ್ಷಣ ಹಿಂದಕ್ಕೆ ಹಾರಿ ಹಗ್ಗ ಕಿತ್ತುಕೊಂಡು ಬಾಳೆಗಿಡಗಳ ನಡುವೆ ನಿಂತಿದ್ದ. ಜೀನು ಹೊಟ್ಟೆ ಕೆಳಗೆ ನೇತಾಡುತ್ತಿತ್ತು. ನಾನು ನೆಲದ ಮೇಲೆ ಕೂತಿದ್ದೆ, ಮೊಣಕೈ ಸುಲಿದಿತ್ತು. ಚಾಚಾ ಏನೂ ಅನ್ನಲಿಲ್ಲ. ಅವರು ಏನಾದರೂ ಅಂದಿದ್ದರೇ ಚೆನ್ನಾಗಿತ್ತು.

ಪ್ರಯಾಣದಲ್ಲಿ ಹೊಟ್ಟೆಯಲ್ಲಿ ಹುಣ್ಣಾದರೂ ಕುದುರೆ ಹೀಗೆ ಮಾಡುತ್ತೆ. ಜೀನು ಬೆನ್ನಿಗೆ ಸರಿಯಾಗಿ ಕೂರದಿದ್ದರೂ ಮಾಡುತ್ತೆ. ಎರಡನ್ನೂ ನೋಡಿಸಿದೆ, ಎರಡು ವಾರ, ಇನ್ನಷ್ಟು ದುಡ್ಡು. ಏನೂ ಸಿಗಲಿಲ್ಲ. ಕೊನೆಗೆ ಮಾರಿದವರಿಗೇ ಮೆಸೇಜ್ ಹಾಕಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು, ಜೊತೆಗೆ ಒಂದು ನಗುಮುಖ. ಹೌದು, ಅವನು ಯಾವಾಗಲೂ ಹಾಗೆ, ಒಂದೇ ಸಲ ಬಿಗಿಯಬಾರದು, ನಾವು ಮೊದಲು ಹತ್ತು ನಿಮಿಷ ಕೈಯಲ್ಲಿ ನಡೆಸಿ ನಿಧಾನಕ್ಕೆ ಬಿಗೀತೀವಿ, ಇಲ್ಲಿ ಎಲ್ಲರಿಗೂ ಗೊತ್ತು, ನೀವು ಕೇಳಲಿಲ್ಲವಲ್ಲ.

ಸಿಟ್ಟು ಬಂತು. ಆಮೇಲೆ ಯಾರ ಮೇಲೆ ಸಿಟ್ಟು ಅಂತ ಗೊಂದಲ ಆಯ್ತು. ಸುಳ್ಳು ಹೇಳಿಲ್ಲ ಅವರು. ಕೇಳಿದವರು ಒಬ್ಬರಿದ್ದರು, ಅವರ ಮಾತನ್ನು ನಾನು ಹಾಲೆಂಡಿಗೆ ದಾಟಿಸಲಿಲ್ಲ ಅಷ್ಟೇ.

ಈಗ ಯಾರಾದರೂ ಕೇಳಿದರೆ ಬೇಜಾರಿನ ವಿಡಿಯೋ ತರಿಸಿ ಅನ್ನುತ್ತೇನೆ. ಕೊಟ್ಟಿಗೆಯಿಂದ ಹೊರಗೆ ತರುವುದು, ಗೊರಸು ಎತ್ತಿಸುವುದು, ಕಡಿವಾಣ ಕೊಡುವುದು, ಪಟ್ಟಿ ಬಿಗಿಯುವುದು, ಲಾರಿ ಹತ್ತಿಸುವುದು. ಸಾಧ್ಯವಾದರೆ ಸುಮ್ನೆ ನಿಂತಿರುವ ಅರ್ಧ ಗಂಟೆ. ಗಾಳಿ ಕುಡಿಯುವ ಚಾಳಿ, ಬಾಗಿಲಲ್ಲಿ ತೂಗಾಡುವ ಚಾಳಿ ಎಲ್ಲ ಕಾಣುವುದು ಆಗಲೇ. ಸವಾರ ಎಷ್ಟು ತೂಕ, ಅವತ್ತು ಬೆಳಗ್ಗೆ ಮೊದಲೇ ಓಡಿಸಿ ಸುಸ್ತು ಮಾಡಿದ್ದರಾ, ಅದನ್ನೂ ಕೇಳಿ. ಆಗುವುದಾದರೆ ಹೋಗಿಬಿಡಿ, ಅಡಿಕೆ ಎಲ್ಲಿಗೂ ಓಡಿ ಹೋಗಲ್ಲ.

ಮಲ್ಲನ ಪಟ್ಟಿ ಈಗ ಚಾಚಾದೇ ಕೆಲಸ. ಮೊದಲ ತೂತು, ಬೇವಿನ ಮರಕ್ಕೆ ಒಂದು ಸುತ್ತು. ಎರಡನೇ ತೂತು, ಇನ್ನೊಂದು ಸುತ್ತು. ಮಧ್ಯೆ ಜೇಬಿನಿಂದ ಬೇಯಿಸಿದ ಹುರುಳಿ, ಉರ್ದುವಿನಲ್ಲಿ ಏನೇನೋ ಬೈಗುಳ. ಮೂರನೇ ಸುತ್ತಿಗೆ ಅವನು ಉಫ್ ಅಂತ ಉಸಿರು ಬಿಡುತ್ತಾನೆ, ಆಮೇಲೆ ನಾನು ಹತ್ತಬಹುದು. ಹತ್ತಿದ ಮೇಲೆ ಆ ನಡಿಗೆ ಇದೆಯಲ್ಲ, ವಿಡಿಯೋದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿದೆ.

ನನಗಿದ್ದ ಇನ್ನೊಂದು ಭಯ ಬೇಸಿಗೆ. ಚಳಿ ದೇಶದ ಕೆಲವು ಕುದುರೆಗಳಿಗೆ ಸೆಕೆ ನಾಡಿಗೆ ಬಂದ ಮೇಲೆ ಬೆವರುವುದೇ ನಿಂತು ಹೋಗುತ್ತೆ. ಬೆವರಿಲ್ಲದೆ ಮೈ ತಣ್ಣಗಾಗಲ್ಲ. ಮೂಗು ಅರಳಿಸಿ ಏದುಸಿರು ಬಿಡುತ್ತೆ, ಚರ್ಮ ಮಾತ್ರ ಒಣ. ಏಪ್ರಿಲ್‌ನಲ್ಲಿ ದಾವಣಗೆರೆ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಕೂದಲು ಪೂರ್ತಿ ಬೋಳಿಸಿದೆ, ಲಾಯಕ್ಕೆ ಫ್ಯಾನ್ ಹಾಕಿಸಿದೆ, ನೀರಿಗೆ ಉಪ್ಪು, ಸವಾರಿ ಬೆಳಗ್ಗೆ ಆರಕ್ಕೆ. ಆದರೂ ದಿನಾ ಇಳಿದ ತಕ್ಷಣ ಕಿವಿಯ ಹಿಂದೆ, ಕತ್ತಿನ ಮೇಲೆ, ಜೀನಿನ ಕೆಳಗೆ ಕೈ ಹಾಕಿ ನೋಡುತ್ತಿದ್ದೆ.

ಏಪ್ರಿಲ್ ಮೂರನೇ ವಾರ, ಬೆಳಗ್ಗೆ ಏಳಕ್ಕೇ ಬಿಸಿಲು ಚುರುಕಾಗಿತ್ತು. ಇಳಿದು ಕತ್ತಿನ ಮೇಲೆ ಅಂಗೈ ಇಟ್ಟೆ. ಒದ್ದೆ. ಮೊಣಕೈವರೆಗೂ ಇಳಿಯಿತು, ಉಪ್ಪುಪ್ಪು ವಾಸನೆ. ಚಾಚಾಗೆ ಕೈ ತೋರಿಸಿದೆ. "ಮೈ ತೊಳ್ಸಿ, ಇಲ್ಲಾಂದ್ರೆ ನೊಣ ಕೂರ್ತವೆ" ಅಂದು ಬಕೆಟ್ ತರೋಕೆ ಹೋದರು.