ಡ್ರೆಸ್ಡನ್‌ನಲ್ಲಿ ಸಿಕ್ಕ ಔರಂಗಜೇಬ, ಮತ್ತೆ ಒಂದು ಕರಿ ಕಲ್ಲು

ಮಗಳು ಬರ್ಲಿನ್‌ನಲ್ಲಿ ಓದ್ತಿದ್ದಾಳೆ. ಅಕ್ಟೋಬರ್‌ನಲ್ಲಿ ಮೂರು ವಾರ ಅವಳ ರೂಮಲ್ಲಿ ಇದ್ದು ಬಂದೆ, ಅದರಲ್ಲಿ ಒಂದು ಬುಧವಾರದ ಬಗ್ಗೆ ಬರೀಬೇಕು ಅಂತ ಊರಿಗೆ ವಾಪಸ್ ಬಂದಾಗಿಂದ ಅನ್ಕೋತಾನೇ ಇದ್ದೀನಿ. ಜರ್ಮನಿಯದೇ ಇನ್ನೊಂದು ಊರು ಡ್ರೆಸ್ಡನ್‌ಗೆ ಹೋಗಿದ್ದ ದಿನ ಅದು. (ಬುಧವಾರ ಯಾಕಂದ್ರೆ ಅಲ್ಲಿ ಸೋಮವಾರ ಪೇಂಟಿಂಗ್ ಗ್ಯಾಲರಿಗೆ ರಜಾ, ಮಂಗಳವಾರ ಅರಮನೆ ಮ್ಯೂಸಿಯಂಗೆ ರಜಾ, ಎರಡೂ ಒಂದೇ ದಿನ ನೋಡ್ಬೇಕು ಅನ್ನೋರು ಇದನ್ನ ನೋಡ್ಕೊಂಡೇ ಟಿಕೆಟ್ ಮಾಡ್ಸಿ.)

ನಾನು ಹುಟ್ಟಿ ಬೆಳೆದಿದ್ದು ವಿಜಯಪುರದಲ್ಲಿ, ನಮ್ಮನೆಯವರ ಬಾಯಲ್ಲಿ ಇವತ್ತಿಗೂ ಅದು ಬಿಜಾಪುರಾನೇ. ಮಾಳಿಗೆ ಹತ್ತಿದ್ರೆ ಗೋಳಗುಮ್ಮಟ ಕಾಣ್ತಿತ್ತು, ಹಾಗಾಗಿ ಎಲ್ಲೇ ಹೋದ್ರೂ ಗುಮ್ಮಟ ಕಂಡ್ರೆ ನನ್ನ ಕಣ್ಣು ಅಲ್ಲೇ ನಿಂತ್ಬಿಡತ್ತೆ. ರೈಲು ಎಲ್ಬೆ ನದಿ ದಾಟಿ ಊರೊಳಗೆ ಬರ್ತಿದ್ದ ಹಾಗೇ ಕಿಟಕಿಯಲ್ಲಿ ಒಂದು ದೊಡ್ಡ ಗಾಜಿನ ಗುಮ್ಮಟ, ಪಕ್ಕದಲ್ಲಿ ಎತ್ತರಕ್ಕೆ ಮಿನಾರ್. "ಇಲ್ಲಿ ಹೆಂಗ ಬಂತ ಇಷ್ಟ ದೊಡ್ಡ ಮಸೀದಿ?" ಅಂದೆ. ಮಗಳು ಮೊಬೈಲ್ ನೋಡಿ, "ಮಸೀದಿ ಅಲ್ಲವ್ವ, ಸಿಗರೇಟ್ ಫ್ಯಾಕ್ಟರಿ ಇತ್ತಂತ, 1909ರದ್ದು, ಆ ಮಿನಾರ್ ಅಂದ್ರ ಚಿಮಣಿ" ಅಂದ್ಲು. ತುರ್ಕರ ಸಾಮ್ರಾಜ್ಯದಿಂದ ತಂಬಾಕು ತರಿಸ್ತಿದ್ದ ಕಂಪನಿ ತನ್ನ ಕಾರ್ಖಾನೆಯನ್ನ ಪೂರ್ವದ ಕನಸಿನ ಹಾಗೆ ಕಟ್ಟಿಸ್ಕೊಂಡಿತ್ತು. ಈ ಊರಲ್ಲಿ ಪೂರ್ವದ ಕನಸು ಅದಕ್ಕಿಂತ ಇನ್ನೂರು ವರ್ಷ ಹಿಂದಿಂದಾನೇ ಇತ್ತು ಅಂತ ಮಧ್ಯಾಹ್ನ ಗೊತ್ತಾಯ್ತು.

ಮೊದ್ಲು ಹೋಗಿದ್ದು ತ್ಸ್ವಿಂಗರ್ ಅನ್ನೋ ಹಳೇ ರಾಜರ ಕಟ್ಟಡದ ಅಂಗಳದಲ್ಲಿರೋ ಪೇಂಟಿಂಗ್ ಗ್ಯಾಲರಿಗೆ. ರಫೇಲ್ ಬರೆದ ಸಿಸ್ಟೀನ್ ಮಡೋನಾ ಇರೋದು ಇಲ್ಲೇ. ಚಿತ್ರದ ಕೆಳಗೆ ಗಲ್ಲಕ್ಕೆ ಕೈ ಕೊಟ್ಟು ಮೇಲೆ ನೋಡ್ತಾ ಕೂತಿರೋ ಆ ಎರಡು ಪುಟ್ಟ ದೇವದೂತರನ್ನ ನೀವೂ ಎಲ್ಲೋ ಮಗ್ ಮೇಲೋ ಬ್ಯಾಗ್ ಮೇಲೋ ನೋಡಿರ್ತೀರಿ, ನಾನೂ ಅಷ್ಟೇ ನೋಡಿದ್ದೆ. ಎದುರಿಗೆ ನಿಂತಾಗ ಕಂಡಿದ್ದು ಬೇರೆ. ತಾಯಿ ಮಗುವಿನ ಹಿಂದೆ ಇರೋದು ಬರೀ ಮೋಡ ಅಂತ ಅನ್ಕೊಂಡಿದ್ದೆ, ಸ್ವಲ್ಪ ಹೊತ್ತು ನೋಡ್ತಾ ನಿಂತ್ರೆ ಆ ಮೋಡದಲ್ಲೆಲ್ಲ ಮಕ್ಕಳ ಮುಖ, ಒಂದರ ಹಿಂದೆ ಒಂದು, ಹೊಗೆಯಲ್ಲಿ ಮೂಡಿದ ಹಾಗೆ. 1754ರಲ್ಲಿ ಇಟಲಿಯಿಂದ ಕೊಂಡು ತಂದ ಚಿತ್ರ, ಯುದ್ಧ ಕಾಲದಲ್ಲಿ ಊರಾಚೆ ಸುರಂಗದಲ್ಲಿ ಬಚ್ಚಿಟ್ಟಿದ್ರು, 1945ರಲ್ಲಿ ಸೋವಿಯತ್ ಸೈನ್ಯ ಅದನ್ನ ಮಾಸ್ಕೋಗೆ ಒಯ್ತು, ವಾಪಸ್ ಕೊಡೋ ತೀರ್ಮಾನ ಆಗಿದ್ದು 1955ರಲ್ಲಿ. ಹತ್ತು ವರ್ಷ ಊರು ಬಿಟ್ಟಿದ್ದು ತಿರುಗಿ ಬಂದಿದೆ.

ಡಚ್ ಕಲಾವಿದ ವರ್ಮೀರ್‌ನ ಚಿತ್ರ ಚಿಕ್ಕದು. ತೆರೆದ ಕಿಟಕಿ ಹತ್ರ ಒಬ್ಬ ಹುಡುಗಿ ಕಾಗದ ಓದ್ತಾ ನಿಂತಿದ್ದಾಳೆ, ಕಿಟಕಿ ಗಾಜಿನಲ್ಲಿ ಅವಳ ಮುಖ ಮಸುಕಾಗಿ ಕಾಣತ್ತೆ. ಇನ್ನೂರು ವರ್ಷಕ್ಕೂ ಮೇಲೆ ಅವಳ ಹಿಂದಿನ ಗೋಡೆ ಖಾಲಿ ಇತ್ತು. 1979ರಲ್ಲಿ ಎಕ್ಸ್‌ರೇ ತೆಗೆದಾಗ ಬಣ್ಣದ ಕೆಳಗೆ ಒಬ್ಬ ಮನ್ಮಥ ಇರೋದು ಕಂಡಿತ್ತಂತೆ, ಆದ್ರೆ ವರ್ಮೀರ್ ತಾನೇ ಬೇಡ ಅಂತ ಮುಚ್ಚಿರ್ಬೇಕು ಅಂತ ಸುಮ್ನಿದ್ರು. ಆಮೇಲೆ ಲ್ಯಾಬ್‌ನಲ್ಲಿ ಗೊತ್ತಾಯ್ತು, ಮುಚ್ಚಿದ್ದು ಅವನು ಸತ್ತು ಎಷ್ಟೋ ವರ್ಷ ಆದ್ಮೇಲೆ ಇನ್ಯಾರೋ. ಸಣ್ಣ ಚಾಕುವಿನಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆರೆದು ತೆಗೆದು 2021ರಲ್ಲಿ ಮತ್ತೆ ಜನರ ಮುಂದೆ ಇಟ್ಟಿದ್ದಾರೆ. ಈಗ ಅವಳ ಕೈಲಿರೋದು ಪ್ರೇಮಪತ್ರ ಅಂತ ಯಾರೂ ಹೇಳ್ಬೇಕಾಗೇ ಇಲ್ಲ.

ನಾನು ಜಾಸ್ತಿ ಹೊತ್ತು ನಿಂತಿದ್ದು ಮಾತ್ರ ಬೆಲ್ಲೊಟ್ಟೊ ಮುಂದೆ. ವೆನಿಸ್‌ನಿಂದ ಬಂದು ಇಲ್ಲಿ ಆಸ್ಥಾನ ಕಲಾವಿದ ಆದವನು. 1748ರಲ್ಲಿ ನದಿ ಆಚೆ ದಡದಿಂದ ಬರೆದ ಡ್ರೆಸ್ಡನ್ ಇದೆ, ನೀರು, ಸೇತುವೆ, ಆಗಷ್ಟೇ ಕಟ್ಟಿ ಮುಗಿಸಿದ್ದ ಫ್ರಾವೆನ್‌ಕಿರ್ಖೆ ಚರ್ಚಿನ ಗುಮ್ಮಟ, ಎಲ್ಲ ತೊಳೆದಿಟ್ಟ ಹಾಗೆ. ಅವನದೇ ಇನ್ನೊಂದು ಚಿತ್ರ 1765ರದ್ದು, ಕ್ರಾಯ್ಟ್ಸ್‌ಕಿರ್ಖೆ ಅನ್ನೋ ಚರ್ಚು ಕುಸಿದು ಬಿದ್ದ ರಾಶಿ. 1760ರಲ್ಲಿ ಪ್ರಶ್ಯದ ಸೈನ್ಯ ಊರಿನ ಮೇಲೆ ತೋಪು ಹಾರಿಸಿತ್ತು, ಚರ್ಚು ಹಾಳಾಯ್ತು, ಬೆಲ್ಲೊಟ್ಟೊನ ಮನೆಯೂ ಹೋಯ್ತು, ಗೋಪುರ ಒಂದು ಐದು ವರ್ಷ ನಿಂತಿದ್ದು ಆಮೇಲೆ ಬಿತ್ತು. ಅರ್ಧ ಸೀಳಿದ ಗೋಪುರ, ಕೆಳಗೆ ಕಲ್ಲಿನ ಗುಡ್ಡೆ, ಸುತ್ತ ನಿಂತು ನೋಡ್ತಿರೋ ಜನ. ನನಗೆ ಡ್ರೆಸ್ಡನ್ ಅಂದ್ರೆ 1945ರ ಬಾಂಬ್ ದಾಳಿ ಅಷ್ಟೇ ಗೊತ್ತಿದ್ದಿದ್ದು, ಈ ಊರು ಅದಕ್ಕೂ 185 ವರ್ಷ ಮುಂಚೇನೇ ಒಂದ್ಸಲ ಹೀಗೆ ಬಿದ್ದಿತ್ತು ಅಂತ ಗೊತ್ತಿರ್ಲಿಲ್ಲ.

ಮಧ್ಯಾಹ್ನ ನದಿ ದಂಡೆ ಬೆಂಚಿನ ಮೇಲೆ ಕೂತು ಚಪಾತಿ ಶೇಂಗಾ ಚಟ್ನಿ ತಿಂದು ಅರಮನೆಗೆ ಹೋದ್ವಿ. ಅಲ್ಲಿ ಗ್ರೀನ್ ವಾಲ್ಟ್ ಅಂತ ಖಜಾನೆ ಇದೆ. 2019ರಲ್ಲಿ ಕಳ್ಳರು ನುಗ್ಗಿ ವಜ್ರದ ಒಡವೆ ಹೊತ್ತೊಯ್ದಿದ್ದು ಟಿವಿಯಲ್ಲಿ ಬಂದಿತ್ತಲ್ಲ, ಅದೇ ಜಾಗ, 2022ರಲ್ಲಿ ಬಹುಪಾಲು ವಾಪಸ್ ಸಿಕ್ಕಿದೆ. 41 ಕ್ಯಾರಟ್‌ನ ಹಸಿರು ವಜ್ರ ಆಗ ನ್ಯೂಯಾರ್ಕ್‌ನಲ್ಲಿ ಪ್ರದರ್ಶನಕ್ಕೆ ಹೋಗಿತ್ತು, ಹಾಗಾಗಿ ಉಳೀತು. ಅದು ನಮ್ಮ ದೇಶದ ಗಣಿಯಿಂದ ಹೋಗಿದ್ದು ಅಂತಾರೆ.

ನಾನು ಆ ವಜ್ರ ನೋಡ್ತಾ ಇದ್ದಾಗ ಮಗಳು ಆಚೆ ಕಡೆಯಿಂದ ಕರೆದ್ಲು, "ಅವ್ವಾ, ಬಾ ಇಲ್ಲೆ, ಇಲ್ಲಿ ಯಾರದಾರ ನೋಡು."

ಔರಂಗಜೇಬ ಇದ್ದ. ಹೆಬ್ಬೆರಳಿನಷ್ಟು ಎತ್ತರದವನು.

ಗಾಜಿನ ಒಳಗೆ ಬೆಳ್ಳಿಯ ಒಂದು ಅರಮನೆ ಅಂಗಳ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ, ತುದೀಲಿ ಸಿಂಹಾಸನದ ಮೇಲೆ ಬಾದಶಹ. ಕೆಳಗೆ ಆನೆ, ಒಂಟೆ, ಕುದುರೆ, ಛತ್ರಿ ಹಿಡಿದೋರು, ಉಡುಗೊರೆ ಹೊತ್ತು ತಲೆ ಬಗ್ಸಿದೋರು, ಒಬ್ಬೊಬ್ಬರ ಅಂಗಿ ಮೇಲಿನ ಹೂವೂ ಎನಾಮಲ್‌ನಲ್ಲಿ ಬೇರೆ ಬೇರೆ. ಹುಟ್ಟುಹಬ್ಬದ ದಿನ ಬಾದಶಹನನ್ನ ತೂಗೋ ತಕ್ಕಡೀನೂ ಇದೆ. ಈಗ ಉಳಿದಿರೋದು 132 ಬೊಂಬೆ, ವಜ್ರಾನೇ 4,909. ಡಿಂಗ್ಲಿಂಗರ್ ಅನ್ನೋ ಅಕ್ಕಸಾಲಿಗ ತನ್ನ ತಮ್ಮಂದಿರ ಜೊತೆ 1701ರಿಂದ 1708ರ ತನಕ ಕೂತು ಮಾಡಿದ್ದು, ಅವರ್ಯಾರೂ ಭಾರತ ನೋಡಿದವರಲ್ಲ, ಪ್ರವಾಸಿಗಳು ಬರೆದ ಪುಸ್ತಕ ಓದಿ ಮಾಡಿದ್ದು, ಎಷ್ಟೋ ಬೊಂಬೆಗಳು ಚೀನಾದವರ ಹಾಗೇ ಕಾಣ್ತಾರೆ. ಇಲ್ಲಿನ ರಾಜ ಅಗಸ್ಟಸ್‌ಗೆ ಇಂಥ ವೈಭವ ತನಗೂ ಬೇಕು ಅನ್ನೋ ಆಸೆ.

ಕೈಕೆಲಸ ನೋಡಿ ಮಾತೇ ಹೊರಡಲಿಲ್ಲ, ಅಂಥ ಕೆಲಸ ನಾನು ಜೀವಮಾನದಲ್ಲಿ ನೋಡಿಲ್ಲ, ಅದನ್ನ ಮೊದ್ಲು ಹೇಳ್ಬೇಕು. ಆದ್ರೆ ಬಿಜಾಪುರದವಳಿಗೆ ಆ ಹೆಸರು ಕೇಳಿದ್ರೆ ನೆನಪಾಗೋದೇ ಬೇರೆ. 1686ರಲ್ಲಿ ಮುತ್ತಿಗೆ ಹಾಕಿ ಊರು ತಗೊಂಡಿದ್ದು ಅವನೇ, ಆದಿಲ್‌ಶಾಹಿ ಮುಗಿದಿದ್ದು ಅಲ್ಲಿಗೇ. ಮಲಿಕ್-ಎ-ಮೈದಾನ್ ತೋಪಿನ ಮೇಲೆ ಗೆದ್ದ ನೆನಪಿಗೆ ಅವನು ಕೆತ್ತಿಸಿದ ಸಾಲು ಇನ್ನೂ ಇದೆ. ನಾವು ಚಿಕ್ಕವರಿದ್ದಾಗ ಅಪ್ಪ ಬ್ಯಾಸಿಗಿ ಬಿಸಿಲಲ್ಲಿ ಕರ್ಕೊಂಡ್ಹೋಗಿ ನನ್ನ ಅಂಗೈಯನ್ನ ಆ ತೋಪಿನ ಮೇಲೆ ಒತ್ತಿ ಹಿಡಿದು, "ನೋಡು, ಎಷ್ಟ ತಣ್ಣಗ ಅದ" ಅಂತಿದ್ರು, ನಿಜವಾಗ್ಲೂ ತಣ್ಣಗಿರ್ತಿತ್ತು. ಆ ಬರಹ ಯಾರದು ಅಂತ ಅಪ್ಪನೇ ಹೇಳಿಕೊಟ್ಟಿದ್ದು. ಇನ್ನೊಂದು ಮಾತು, ಡ್ರೆಸ್ಡನ್‌ನಲ್ಲಿ ಈ ಬೊಂಬೆಗಳಿಗೆ ವಜ್ರ ಕೂಡಿಸ್ತಿದ್ದ ಹೊತ್ತಲ್ಲೇ, 1705ರಲ್ಲಿ, ನಿಜವಾದ ಔರಂಗಜೇಬ ಎಂಬತ್ತು ದಾಟಿದ ಮುದುಕ, ನಮ್ಮ ಸುರಪುರ ಹತ್ರ ವಾಗಿಣಗೇರಿ ಕೋಟೆ ಮುಂದೆ ಬೇಡರ ನಾಯಕರ ಮೇಲೆ ಯುದ್ಧ ಮಾಡ್ತಾ ಡೇರೆಯಲ್ಲಿದ್ದ. 1707ರಲ್ಲಿ ಸತ್ತ, ಬೊಂಬೆ ಕೆಲಸ ಮುಗಿಯೋಕೆ ಮುಂಚೆ. ಇಲ್ಲಿ ಯಾರಿಗೂ ಆ ಡೇರೆ ಕಂಡಿಲ್ಲ, ಮುತ್ತಿಗೆಯಲ್ಲಿ ಹಸಿದ ಊರು ಕಂಡಿಲ್ಲ. ದೂರದಿಂದ ನೋಡಿದ್ರೆ ಬರೀ ಹೊಳಪು ಕಾಣತ್ತೆ. ಮಗಳು "ಇದರಾಗ ಬಿಜಾಪುರ ಎಲ್ಲೈತಿ?" ಅಂತ ಕೇಳಿದ್ಲು. ಇಲ್ಲ ಅಂದೆ.

ಹೊರಗೆ ಬಂದು ಆಲ್ಟ್‌ಮಾರ್ಕ್ಟ್ ಅನ್ನೋ ಹಳೇ ಸಂತೆ ಮೈದಾನಕ್ಕೆ ನಡ್ಕೊಂಡು ಹೋದ್ವಿ. 1945 ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು ಎರಡು ಸಲ ಬಂದ್ವು, ಎರಡನೇ ಸಲ ಬಂದಾಗ ಕೆಳಗೆ ಆಗ್ಲೇ ಬೆಂಕಿ, ಆರಿಸೋಕೆ ಜನ ಬೀದಿಗಿಳಿದಿದ್ರು. ಆಮೇಲೆ ಹಗಲಲ್ಲಿ ಅಮೆರಿಕದ ವಿಮಾನ. ಸತ್ತವರು ಸುಮಾರು 25,000. ನಾಜಿಗಳು ಪ್ರಚಾರಕ್ಕೆ ಅಂತ ಆ ಸಂಖ್ಯೆಯನ್ನ ಲಕ್ಷಗಟ್ಟಲೆ ಏರಿಸಿದ್ರು, ಅದು ಎಷ್ಟೋ ಕಾಲ ಹಾಗೇ ಓಡಾಡ್ತಿತ್ತು, ಕೊನೆಗೆ ಊರಿನವರೇ ಇತಿಹಾಸಕಾರರ ಸಮಿತಿ ಮಾಡಿ ದಾಖಲೆ ಎಲ್ಲ ಕೂಡಿಸಿ 2010ರಲ್ಲಿ ಸರಿಯಾದ ಲೆಕ್ಕ ಕೊಟ್ರು. ಹೂಳೋಕೆ ಆಗದೆ ಈ ಮೈದಾನದಲ್ಲೇ 6,865 ಹೆಣ ಸುಟ್ಟರು. ಅಲ್ಲಿ ಒಂದು ಬರಹ ಇದೆ, ಮಗಳು ಓದಿ ಹೇಳಿದ್ಲು. ಕೊನೇ ಸಾಲಿನ ಅರ್ಥ ಏನಂದ್ರೆ, ಜರ್ಮನಿಯಿಂದ ಹೊರಟು ಲೋಕಕ್ಕೆಲ್ಲ ಹೋದ ಯುದ್ಧದ ಭಯಂಕರ ಆಗ ನಮ್ಮೂರಿಗೂ ತಿರುಗಿ ಬಂತು ಅಂತ. ಇನ್ನೊಂದ್ಸಲ ಓದು ಅಂದೆ. ತಮ್ಮ ಹೆಣ ಸುಟ್ಟ ಜಾಗದಲ್ಲಿ ನಿಂತು, ಅದೇ ಉಸಿರಲ್ಲಿ, ಇದು ಶುರುವಾಗಿದ್ದು ನಮ್ಮಿಂದಾನೇ ಅಂತ ಬರೆಯೋಕೆ ಎಂಥ ಎದೆ ಬೇಕು. ಸತ್ತವರಲ್ಲಿ ಮಕ್ಕಳಿದ್ರು, ಅವರು ಏನೂ ಶುರು ಮಾಡಿರ್ಲಿಲ್ಲ, ಅದೂ ನಿಜ. ಎರಡನ್ನೂ ಬಿಡದೆ ಹೇಳಿದ್ದಾರಲ್ಲ, ಆ ದಿನ ನೋಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ಸಿದ್ದು ಈ ಒಂದು ಸಾಲು.

ಫ್ರಾವೆನ್‌ಕಿರ್ಖೆ ಗುಮ್ಮಟವೂ ಕಲ್ಲಿಂದು. ಬೆಂಕಿಯಲ್ಲಿ ಎರಡು ದಿನ ನಿಂತಿತ್ತು, ಕಾದ ಕಂಬಗಳು ತಡೀಲಿಲ್ಲ, 15ನೇ ತಾರೀಕು ಬೆಳಗ್ಗೆ ಕುಸೀತು. ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಆ ಕಲ್ಲಿನ ಗುಡ್ಡೆ ಊರ ನಡುವೆ ಹಾಗೇ ಇತ್ತು. ಜರ್ಮನಿ ಒಂದಾದ್ಮೇಲೆ ಒಂದೊಂದು ಕಲ್ಲೂ ಎತ್ತಿ ಅಳೆದು ನಂಬರ್ ಹಾಕಿ, ಸುಮಾರು 3,800 ಹಳೇ ಕಲ್ಲನ್ನ ಮತ್ತೆ ಗೋಡೆಗೆ ಸೇರಿಸಿ, 2005ರ ಅಕ್ಟೋಬರ್‌ನಲ್ಲಿ ಚರ್ಚ್ ತೆರೆದ್ರು. ಹೊಸ ಕಲ್ಲು ತಿಳಿ ಹಳದಿ, ಹಳೇದು ಕಪ್ಪು, ಅಲ್ಲಲ್ಲಿ ಚುಕ್ಕೆ ಚುಕ್ಕೆ. ಬೆಂಕಿ ಮಸಿ ಅಂತ ನಾನು ಅನ್ಕೊಂಡಿದ್ದೆ, ಈ ಮರಳುಗಲ್ಲು ಗಾಳಿ ಮಳೆಗೆ ತಾನಾಗೇ ಕಪ್ಪಾಗತ್ತಂತೆ, ಅಂದ್ರೆ ಹೊಸದೂ ಒಂದಿನ ಹಳೇದರ ಬಣ್ಣಕ್ಕೇ ಬರತ್ತೆ. ಮೇಲಿರೋ ಬಂಗಾರದ ಶಿಲುಬೆ ಬ್ರಿಟನ್‌ನವರು ಕೊಟ್ಟಿದ್ದು. ಅದರಲ್ಲಿ ಕೆಲಸ ಮಾಡಿದ ಲಂಡನ್ನಿನ ಅಕ್ಕಸಾಲಿಗ ಆಲನ್ ಸ್ಮಿತ್, ಅವರಪ್ಪ ಆ ರಾತ್ರಿ ಬಾಂಬ್ ಹಾಕೋಕೆ ಬಂದ ಪೈಲಟ್‌ಗಳಲ್ಲಿ ಒಬ್ಬರು.

ಕತ್ತಲಾಗೋಕೆ ಮುಂಚೆ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡ್ಬೇಕು ಅಂತ ಮಗಳು ಹಟ ಹಿಡಿದ್ಲು, ಹೋಗಿದ್ದು ಒಳ್ಳೇದಾಯ್ತು. ಹಳೇ ಸಿನಗಾಗ್ ಸುಟ್ಟಿದ್ದು 1938 ನವೆಂಬರ್ 9ರ ರಾತ್ರಿ, ಆಕಾಶದಿಂದ ಬಾಂಬ್ ಬೀಳೋಕೆ ಆರು ವರ್ಷ ಮೊದ್ಲು, ಬೆಂಕಿ ಇಟ್ಟವರು ಹೊರಗಿನವರಲ್ಲ. ಅಗ್ನಿಶಾಮಕದ ಆಲ್ಫ್ರೆಡ್ ನೊಯ್‌ಗೆಬಾವರ್ ಅನ್ನೋರು ಅದರ ತುದಿಯ ನಕ್ಷತ್ರವನ್ನ ಎತ್ಕೊಂಡು ಹೋಗಿ ಯುದ್ಧ ಮುಗಿಯೋ ತನಕ ಬಚ್ಚಿಟ್ಟಿದ್ರು. 2001ರಲ್ಲಿ ಕಟ್ಟಿದ ಹೊಸ ಸಿನಗಾಗ್ ಬಾಗಿಲ ಮೇಲೆ ಅದೇ ನಕ್ಷತ್ರ ಇದೆ.

ಅಲ್ಲೇ ನಿಂತ್ಕೊಂಡು ಮಗಳು ವಿಕ್ಟರ್ ಕ್ಲೆಂಪರರ್ ಕತೆ ಹೇಳಿದ್ಲು. ಯಹೂದಿ ಪ್ರೊಫೆಸರು, ನಾಜಿಗಳು ಕೆಲಸ ಕಿತ್ಕೊಂಡಿದ್ರು, ದಿನಾ ಡೈರಿ ಬರೀತಿದ್ರು. ಫೆಬ್ರವರಿ 13ರ ಹಗಲು ಅವರ ಕೈಯಲ್ಲೇ ಊರಲ್ಲಿ ಉಳಿದಿದ್ದ ಯಹೂದಿಗಳ ಮನೆಮನೆಗೆ ನೋಟೀಸ್ ಹಂಚಿಸಿದ್ರು, ಮೂರು ದಿನದೊಳಗೆ ಗಂಟು ಕಟ್ಕೊಂಡು ಹಾಜರಾಗ್ಬೇಕು ಅಂತ. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಆ ರಾತ್ರಿ ಊರು ಉರೀತು. ಅವರ ಹೆಂಡತಿ ಎವಾ ಜೇಬಿನ ಚಾಕು ತೆಗೆದು ಗಂಡನ ಕೋಟಿನ ಮೇಲಿದ್ದ, ಯಹೂದಿ ಅಂತ ಗುರುತಿಗೆ ನಾಜಿಗಳು ಹಾಕಿಸ್ತಿದ್ದ ಹಳದಿ ನಕ್ಷತ್ರ ಕಿತ್ತು ಹಾಕಿದ್ರು, ಗದ್ದಲದಲ್ಲಿ ಇಬ್ಬರೂ ತಪ್ಪಿಸ್ಕೊಂಡು ಬದುಕಿದ್ರು. 25,000 ಜನರ ಜೀವ ತೆಗೆದ ಬೆಂಕಿ ಇವರಿಬ್ಬರನ್ನ ಉಳಿಸ್ತು. ಇದನ್ನ ಕೇಳಿ ನನಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಈಗ್ಲೂ ಗೊತ್ತಿಲ್ಲ.

ಸ್ಟೇಷನ್‌ಗೆ ಹೋಗ್ತಾ ಮತ್ತೆ ಚರ್ಚ್ ಮುಂದೇನೇ ಬಂದ್ವಿ. ಹಳೇ ಕಟ್ಟಡದ ಒಂದು ದೊಡ್ಡ ತುಂಡು ಅಲ್ಲೇ ಪಕ್ಕದಲ್ಲಿ ಬಯಲಲ್ಲಿ ಇಟ್ಟಿದ್ದಾರೆ, ಕರ್ರಗೆ, ಮನುಷ್ಯನಿಗಿಂತ ಎತ್ತರ. ದಿನವಿಡೀ ಬಿಸಿಲು ಚೆನ್ನಾಗಿತ್ತು, ಸಂಜೆ ಗಾಳಿ ಆಗ್ಲೇ ಕೊರೆಯೋಕೆ ಶುರುವಾಗಿತ್ತು. ನಾನು ಕೈಗವಸು ತೆಗೆದು ಅದರ ಮೇಲೆ ಅಂಗೈ ಇಟ್ಟೆ. ಮಗಳು "ತಣ್ಣಗ ಐತೇನವ್ವ?" ಅಂದ್ಲು, ಅಜ್ಜ ತೋಪು ಮುಟ್ಟಿಸ್ತಿದ್ದಿದ್ದು ಅವಳಿಗೂ ನೆನಪಿದೆ.

ಇಲ್ಲ, ಇನ್ನೂ ಬೆಚ್ಚಗಿತ್ತು. ಅವಳ ಕೈ ಹಿಡಿದು ನನ್ನ ಕೈ ಪಕ್ಕದಲ್ಲಿ ಇಡಿಸಿದೆ.